ಕೋಳಿ ಫೀಡಿಗೆ ಕಿಣ್ವ: ಎಲ್ಲಿ ಲಾಭ, ಎಲ್ಲಿ ದಂಡ

ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಪಾಲು ಮೆಕ್ಕೆಜೋಳ. ಉಳಿದದ್ದರಲ್ಲಿ ಬಹುಪಾಲು ಸೋಯಾ ಹಿಂಡಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಖುಷ್ಕಿ ಹೊಲಗಳ ಮುಖ್ಯ ಬೆಳೆಯೂ ಮೆಕ್ಕೆಜೋಳವೇ. ತ್ಯಾವಣಿಗೆಯಂಥ ಭದ್ರಾ ನಾಲೆಯ ಊರುಗಳಲ್ಲಿ ಭತ್ತವಿರುವುದರಿಂದ ತೌಡು, ನುಚ್ಚಿಗೂ ಬರವಿಲ್ಲ. ಆದರೆ ಇವುಗಳಲ್ಲಿರುವ ಸತ್ವವೆಲ್ಲ ಕೋಳಿಗೆ ದಕ್ಕುವುದಿಲ್ಲ. ದಕ್ಕದೆ ಹಿಕ್ಕೆಗೆ ಹೋಗುವ ಪಾಲನ್ನು ಕಡಿಮೆ ಮಾಡಲೆಂದೇ ಫೀಡಿಗೆ ಕಿಣ್ವ ಬೆರೆಸುತ್ತಾರೆ.

ಈ ಕಿಣ್ವಗಳಲ್ಲಿ ಮೊದಲ ಸ್ಥಾನ ಫೈಟೇಸ್‌ಗೆ. ಕಾಳು, ಹಿಂಡಿ, ತೌಡಿನ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸುವಷ್ಟು ಫೈಟೇಸ್ ಕೋಳಿಯ ಕರುಳಿನಲ್ಲಿಲ್ಲ. ಹಾಗಾಗಿ ಮೂಳೆ ಬಲಿಯಲು ರಂಜಕ ಒದಗಿಸುವ ಡಿಸಿಪಿಯನ್ನು (ಡೈಕ್ಯಾಲ್ಸಿಯಂ ಫಾಸ್ಫೇಟ್) ದುಡ್ಡು ಕೊಟ್ಟು ತಂದು ಬೆರೆಸಬೇಕಾಗುತ್ತದೆ. ಶಿಲೀಂಧ್ರದಿಂದ ಪಡೆದ ಫೈಟೇಸ್ 1991ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಂತು. ಅಲ್ಲಿನವರನ್ನು ಕಾಡಿದ್ದು ಡಿಸಿಪಿ ಖರ್ಚಿಗಿಂತ ಹೆಚ್ಚಾಗಿ ಗೊಬ್ಬರದಿಂದ ನೀರಿಗೆ ಸೇರುತ್ತಿದ್ದ ರಂಜಕ. ಕಿಲೋ ಫೀಡಿಗೆ 500 ಯೂನಿಟ್ ಫೈಟೇಸ್ ಹಾಕಿದರೆ ಹೊರಗಿನಿಂದ ಬೆರೆಸುವ ಸುಮಾರು 1 ಗ್ರಾಂ ರಂಜಕ ಉಳಿತಾಯವಾಗುತ್ತದೆ. ಅಂದರೆ ಟನ್ನಿಗೆ ಹೆಚ್ಚುಕಡಿಮೆ 5 ಕಿಲೋ ಡಿಸಿಪಿ. ಡಿಸಿಪಿಯನ್ನು ಅಷ್ಟು ಇಳಿಸದೆ ಫೈಟೇಸ್ ಸುರಿದರೆ ಉಳಿತಾಯವೆಲ್ಲಿ ಬಂತು? ಸುಣ್ಣದ ಅಂಶ ಮಿತಿಮೀರಿದರೂ ಈ ಕಿಣ್ವದ ಕೆಲಸ ಕುಂಠಿತವಾಗುತ್ತದೆ.

ನಾರನ್ನು ಒಡೆಯುವ ಕಿಣ್ವ ಕ್ಸೈಲನೇಸ್ ಹೆಸರು ಮಾಡಿದ್ದು ಗೋಧಿ, ಬಾರ್ಲಿ ತಿನ್ನಿಸುವ ದೇಶಗಳಲ್ಲಿ. ಆ ಧಾನ್ಯಗಳ ನಾರು ಕರುಳಿನಲ್ಲಿ ಅಂಟಂಟಾಗಿ ಜೀರ್ಣಕ್ಕೆ ತಡೆಯೊಡ್ಡುತ್ತದೆ. ಮೆಕ್ಕೆಜೋಳದಲ್ಲಿ ಆ ಕಾಟ ಕಡಿಮೆ, ಲಾಭವೂ ಅಷ್ಟಕ್ಕಷ್ಟೇ. ತೌಡು ಅಥವಾ ಎಥನಾಲ್ ಕಾರ್ಖಾನೆಯ ಉಳಿಕೆಯನ್ನು ಹೆಚ್ಚು ಬೆರೆಸುವವರಿಗೆ ಮಾತ್ರ ಅದರ ಖರ್ಚು ಸಮರ್ಥನೀಯ. ಪ್ರೋಟೀನ್ ಒಡೆಯುವ ಪ್ರೋಟಿಯೇಸ್, ಪಿಷ್ಟ ಒಡೆಯುವ ಅಮೈಲೇಸ್‌ಗಳ ಸ್ಥಾನ ಇವೆರಡರ ನಂತರ.

ಪೆಲೆಟ್ ಮಾಡುವಾಗ 80 ಡಿಗ್ರಿ ದಾಟುವ ಬಿಸಿಗೆ ಸಾಮಾನ್ಯ ಕಿಣ್ವ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿ ತಾಳುವ ಬಗೆಯನ್ನೇ ಕೇಳಿ ಪಡೆಯಬೇಕು. ಪುಡಿ ಫೀಡಿಗಾದರೆ ಮೊದಲು ಒಂದೆರಡು ಕಿಲೋ ಮೆಕ್ಕೆಜೋಳದ ಹಿಟ್ಟಿನಲ್ಲಿ ಕಲಸಿ, ಆಮೇಲೆ ರಾಶಿಗೆ ಸೇರಿಸುವುದು ಕ್ರಮ. ಕಂಪನಿಯ ಒಪ್ಪಂದದಲ್ಲಿ ಮರಿ ಸಾಕುವವರಿಗೆ ಬರುವ ಫೀಡಿನಲ್ಲಿ ಕಿಣ್ವ ಸಾಮಾನ್ಯವಾಗಿ ಸೇರಿಯೇ ಇರುತ್ತದೆ. ಕೇಳಿ ತಿಳಿಯದೆ ಅದರ ಮೇಲೆ ಇನ್ನೊಂದು ಪೊಟ್ಟಣ ಸುರಿಯುವುದು ದುಡ್ಡು ದಂಡ. ಇನ್ನು, ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷಕ್ಕೆ ಈ ಯಾವ ಕಿಣ್ವವೂ ಮದ್ದಲ್ಲ. ಅಂಥ ಜೋಳ ಕೋಳಿಗೆ ಬೇಡ.