ಬಿಲ್ ಸ್ಪ್ಲಿಟ್ ಆಗದ ಬೆಂಗಳೂರು

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ವಾಟ್ಸಾಪ್ ಗ್ರೂಪಿಗೆ ಬರೋ ಮೆಸೇಜ್ ನಿಮಗೂ ಗೊತ್ತಿರುತ್ತೆ. ಒಂದು ರೀಲ್, ಅದರ ಕೆಳಗೆ "ಇವತ್ತು ಇಲ್ಲಿಗೆ ಹೋಗೋಣ್ವಾ?" ಅಷ್ಟೇ. ಮೊದಲ ವರ್ಷ ಪೂರ್ತಿ ನಾನು ಬೆಂಗಳೂರು ನೋಡಿದ್ದು ಹೀಗೇ. ನಾನು ದಾವಣಗೆರೆಯವಳು. ಇಲ್ಲಿಗೆ ಬರೋ ಮುಂಚೆ ಬೆಂಗಳೂರು ಅಂದ್ರೆ ಚಿಕ್ಕಪ್ಪನ ಮನೆ ಮತ್ತೆ ಒಂದು ಮಾಲ್. ಹಾಗಾಗಿ ಲಿಸ್ಟಲ್ಲಿದ್ದ ಕೆಫೆಗೆಲ್ಲ ಹೋದೆ, ಪ್ಲೇಟಿನ ಫೋಟೋ ತೆಗೆದೆ, ಊರು ನೋಡಿದೆ ಅಂದುಕೊಂಡೆ.

ನನ್ನ ರೂಮ್‌ಮೇಟ್ ರಾಯಚೂರು ಜಿಲ್ಲೆಯವಳು. ಮೊದಲ ಎರಡು ಸಲ ನಮ್ಮ ಜೊತೆ ಬಂದಳು. ಆಮೇಲೆ ಪ್ರತಿ ಭಾನುವಾರ ಒಂದೇ ಉತ್ತರ: "ನೀವು ಹೋಗಿ ಬರ್ರಿ, ನನಗ ಹೊಟ್ಟಿ ಸರಿ ಇಲ್ಲ." ನಾವು ನಂಬಿದ್ವಿ. ಹಾಸ್ಟೆಲ್ ಊಟ ತಿಂದವರು ಹೊಟ್ಟೆ ಸರಿ ಇಲ್ಲ ಅಂದ್ರೆ ಯಾರು ತಾನೇ ನಂಬಲ್ಲ?

ಎರಡನೇ ಸೆಮ್‌ನಲ್ಲಿ ಒಂದು ದಿನ ಅವಳೇ ತನ್ನ ಖರ್ಚಿನ ಪುಸ್ತಕ ತೋರಿಸಿದಳು. ಜೆರಾಕ್ಸ್, ಸೋಪು, ರೀಚಾರ್ಜ್, ಎಲ್ಲ ಸಾಲಾಗಿ ಬರೆದಿದ್ದಳು. ನಡುವೆ ಒಂದು ಸಾಲು: "ಲಿಂಬು ಸೋಡಾ – 710". ನನಗೆ ಮೊದಲು ನಗು ಬಂತು, ಆಮೇಲೆ ನೆನಪಾಯ್ತು. ಅವತ್ತು ನಾವು ನಾಲ್ಕು ಜನ ಹೋಗಿದ್ವಿ. ಬಿಲ್ 2,840. ಅವಳು ತಗೊಂಡಿದ್ದು ಬರೀ ಸೋಡಾ. ಫೋನ್ ತೆಗೆದು ನಾಲ್ಕು ಭಾಗ ಮಾಡಿ ಎಲ್ಲರಿಗೂ ರಿಕ್ವೆಸ್ಟ್ ಕಳಿಸಿದವಳು ನಾನೇ. ಆ ತಿಂಗಳು ಮನೆಯಿಂದ ಅವಳ ಕೈಖರ್ಚಿಗೆ ಬಂದಿದ್ದು 1,500.

"ಅವತ್ತೇ ಯಾಕೆ ಹೇಳಲಿಲ್ಲ ನೀನು?" ಅಂತ ಕೇಳಿದೆ.

"ಹೇಳಿದ್ರ ನೀವೆಲ್ಲ ಸೇರಿ ನಂದು ಕೊಡ್ತಿದ್ರಿ. ಅದೇ ಬ್ಯಾಡಾಗಿತ್ತು ನನಗ" ಅಂದಳು.

ಇದನ್ನ ಬರೆಯೋಕೆ ಅವಳು ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ. ನಾನು ಹೇಳೋದು ಇಷ್ಟೇ. ಹೊಸದಾಗಿ ಬೆಂಗಳೂರಿಗೆ ಬಂದವರು ಊರು ನೋಡೋದನ್ನ ಬಿಲ್ ಸ್ಪ್ಲಿಟ್ ಆಗದ ಜಾಗಗಳಿಂದ ಶುರು ಮಾಡಬೇಕು. ಇದು ದುಡ್ಡು ಉಳಿಸೋ ಮಾತು ಮಾತ್ರ ಅಲ್ಲ. ಯಾರು ಯಾರಿಗೆ ಫ್ರೆಂಡ್ಸ್ ಆಗ್ತಾರೆ ಅನ್ನೋದು ಹೆಚ್ಚುಕಮ್ಮಿ ಮೊದಲ ವರ್ಷದಲ್ಲೇ ತೀರ್ಮಾನ ಆಗುತ್ತೆ. ಅದನ್ನ ಮೆನು ಕಾರ್ಡ್ ತೀರ್ಮಾನ ಮಾಡಬಾರದು.

ಹಾಗಂತ ರುಚಿಯಲ್ಲಿ ಏನೂ ಬಿಟ್ಟುಕೊಡಬೇಕಿಲ್ಲ. ನಮ್ಮ ದರ್ಶಿನಿಗಳನ್ನೇ ನೋಡಿ. 1980ರ ದಶಕದಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ಈ ಪದ್ಧತಿ ಇವತ್ತು ಊರು ತುಂಬಾ ಇದೆ. ಇಂಜಿನಿಯರಿಂಗ್ ಓದೋರು ಇದನ್ನ ಒಂದು ಸಿಸ್ಟಮ್ ಡಿಸೈನ್ ಥರ ನೋಡಬೇಕು. ಕುರ್ಚಿ ಇಲ್ಲ, ಹಾಗಾಗಿ ತಿಂದವರು ಬೇಗ ಜಾಗ ಬಿಡ್ತಾರೆ. ಸ್ವಲ್ಪ ಜಾಗದಲ್ಲೇ ಗಂಟೆಗೆ ನೂರಾರು ಜನ ತಿಂತಾರೆ, ಬಾಡಿಗೆ ಅಷ್ಟೂ ಜನರ ಮೇಲೆ ಹಂಚಿಹೋಗುತ್ತೆ, ರೇಟು ಕಮ್ಮಿ ಆಗುತ್ತೆ. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಇಲ್ಲಿ ಮೊದಲು ಕೂಪನ್, ಆಮೇಲೆ ತಿಂಡಿ. ಅವರವರ ಕೂಪನ್ ಅವರವರದ್ದು. ಒಬ್ಬಳು ಇಡ್ಲಿ-ವಡೆ ತಗೋಬಹುದು, ಇನ್ನೊಬ್ಬಳು ಬರೀ ಬೈಟು ಕಾಫಿ ಕುಡಿಬಹುದು. ಯಾರೂ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಕಂಪನಿ ಐಡಿ ಕಾರ್ಡ್ ಹಾಕಿಕೊಂಡವರು, ಆಟೋ ಓಡಿಸೋರು, ನಾವು, ಎಲ್ಲ ಒಂದೇ ಕಟ್ಟೆ ಮೇಲೆ ಪ್ಲೇಟ್ ಇಟ್ಟುಕೊಂಡು ನಿಂತು ತಿನ್ನೋದು.

ಲಿಸ್ಟಲ್ಲಿರೋ ಹಳೇ ಹೋಟೆಲ್‌ಗಳ ಕಥೆಯೂ ಸ್ವಲ್ಪ ಹೀಗೇ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾಗಿದ್ದು ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆ ತಿಂಡಿ ಕೊಡೋಕೆ. ಹೆಸರೇ ಹೇಳುತ್ತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದ್ವಿ ಅಂತ ಎಂಟಿಆರ್‌ನವರು ಹೇಳ್ತಾರೆ. ಇವತ್ತು ಫೇಮಸ್ ಆಗಿರೋ ತಿಂಡಿಗಳ ಹಿಂದೆ ಕೈ ಬಿಗಿ ಇದ್ದವರ ಬುದ್ಧಿ ಇದೆ. (ಬೆಣ್ಣೆ ದೋಸೆ ವಿಷಯದಲ್ಲಿ ಮಾತ್ರ ನಾನು ದಾವಣಗೆರೆ ಬಿಟ್ಟುಕೊಡಲ್ಲ. ಇಲ್ಲಿ ಬೋರ್ಡ್ ಮೇಲೆ ನಮ್ಮೂರ ಹೆಸರು ಹಾಕಿದ ತಕ್ಷಣ ಆ ರುಚಿ ಬರಲ್ಲ.)

ಇನ್ನು ಓಡಾಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹುಡುಗಿಯರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಫ್ರೀ. ಆದರೂ ನಾವು ಕ್ಯಾಬ್ ಬುಕ್ ಮಾಡಿ ಅದನ್ನೂ ಸ್ಪ್ಲಿಟ್ ಮಾಡ್ತಿದ್ವಿ. ನಿಜ ಹೇಳಬೇಕಂದ್ರೆ ನನಗೆ ಬಸ್ಸಿನ ಭಯ ಇತ್ತು. ಎಲ್ಕೆಜಿಯಿಂದ ಇಂಗ್ಲಿಷ್ ಮೀಡಿಯಂ ನಾನು. ಕನ್ನಡ ಓದಕ್ಕೆ ಬರುತ್ತೆ, ಆದರೆ ಅಕ್ಷರ ಕೂಡಿಸಿ ಓದೋ ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತೆ. ರೂಮ್‌ಮೇಟ್ ಕನ್ನಡ ಮೀಡಿಯಂ. ದೂರದಿಂದಲೇ ಬೋರ್ಡ್ ಓದಿ, ಕಂಡಕ್ಟರ್ ಹತ್ರ "ಅಣ್ಣಾ, ಇದು ಬೇಗೂರಿಗೆ ಹೋಗ್ತದೇನ್ರಿ?" ಅಂತ ಕೇಳಿ, ನನ್ನ ಕೈ ಎಳೆದು ಹತ್ತಿಸ್ತಾಳೆ. ಕೆಫೆಯಲ್ಲಿ ಮೆನು ಹಿಡಿದು ಸುಮ್ಮನೆ ಕೂತಿದ್ದ ಹುಡುಗಿ ಇವಳೇನಾ ಅನ್ನಿಸ್ತು. ನಾವು ಹೋಗೋ ಜಾಗ ಬದಲಾದರೆ ಯಾರು ಮುಂದೆ, ಯಾರು ಹಿಂದೆ ಅನ್ನೋದೂ ಬದಲಾಗುತ್ತೆ. ಇದು ನನಗೆ ಬಸ್ಸಲ್ಲಿ ಗೊತ್ತಾಯ್ತು.

ಬೇಗೂರಿಗೆ ಹೋಗಿದ್ದು ನಾಗೇಶ್ವರ ದೇವಸ್ಥಾನದ ಶಾಸನ ನೋಡೋಕೆ. ಬೆಂದಕಾಳೂರೇ ಬೆಂಗಳೂರಾಯ್ತು ಅನ್ನೋ ಕಥೆ ಎಲ್ಲರೂ ಕೇಳಿದ್ದೀವಿ. 12ನೇ ಶತಮಾನದ ರಾಜ ವೀರಬಲ್ಲಾಳನಿಗೆ ಒಬ್ಬ ಅಜ್ಜಿ ಬೇಯಿಸಿದ ಕಾಳು ಕೊಟ್ಟಳಂತೆ. ಆದರೆ ಸುಮಾರು ಕ್ರಿ.ಶ. 890ರ ಈ ಕಲ್ಲಿನಲ್ಲೇ ಬೆಂಗಳೂರಿನ ಕಾಳಗ ಅಂತ ಇದೆ. ಅಂದ್ರೆ ಬಲ್ಲಾಳನಿಗಿಂತ ಮುಂಚೆಯೇ ಊರಿಗೆ ಈ ಹೆಸರಿತ್ತು. ಅಷ್ಟು ಹಳೇ ಕನ್ನಡ ಓದೋಕೆ ಇಬ್ಬರಿಗೂ ಬರಲಿಲ್ಲ. ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ, ಆ ಕಲ್ಲಿನ ಮುಂದೆ ಇಬ್ಬರೂ ಫೇಲ್. ಹೊರಗೆ ಬಂದು ಹತ್ತತ್ತು ರೂಪಾಯಿದು ಮಾವಿನಕಾಯಿ ತಿಂದ್ವಿ.

ಹೀಗೆ ನೋಡೋಕೆ ಹೋದರೆ ಪಟ್ಟಿ ಸಣ್ಣದೇನಲ್ಲ. ಲಾಲ್‌ಬಾಗಿಗೆ ಸಣ್ಣ ಟಿಕೆಟ್ ಇದೆ. ಅದು 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ಅಲ್ಲಿರೋ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಸಂಜೆ ಅದರ ಮೇಲೆ ಕೂತರೆ ಊರಿನ ಅರ್ಧ ಕಾಣುತ್ತೆ. ಕಬ್ಬನ್ ಪಾರ್ಕಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಬಂದು "ಆರ್ಡರ್ ಮೇಡಂ?" ಅಂತ ಕೇಳಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಒಂದು ಸೇರು ಕಡಲೆಕಾಯಿ ತಗೊಂಡ್ರೆ ನಾಲ್ಕು ಜನ ರಸ್ತೆಯುದ್ದಕ್ಕೂ ತಿಂತಾ ಹೋಗಬಹುದು.

"ದುಡ್ಡಿದ್ದವರು ಕೆಫೆಗೆ ಹೋಗಬಾರದಾ?" ಅಂತ ನೀವು ಕೇಳಬಹುದು. ಹೋಗಿ. ನಾನೂ ಹೋಗ್ತೀನಿ, ಬರ್ತ್‌ಡೇಗೆ ಪಾಸ್ತಾ ಬೇಕೇ ಬೇಕು. ಆದರೆ ಅದನ್ನ "ಎಲ್ಲರ ಪ್ಲಾನ್" ಅಂತ ಗ್ರೂಪಲ್ಲಿ ಹಾಕಬೇಡಿ. ಹಾಕಿದ್ರೆ ತಿಂದಷ್ಟಕ್ಕೆ ಮಾತ್ರ ಕೊಡೋ ಲೆಕ್ಕ ಇರಲಿ. ಇನ್ನೊಂದು ಮಾತು ಬರಬಹುದು: "ಪಾಪ, ದುಡ್ಡಿಲ್ಲ ಅಂದ್ರೆ ನಾವೇ ಕೊಟ್ಟರಾಯ್ತು." ಅದು ಒಳ್ಳೇ ಮನಸ್ಸೇ. ಆದರೆ ನನ್ನ ರೂಮ್‌ಮೇಟ್‌ಗೆ ಬೇಡವಾಗಿದ್ದು ಅದೇ. ಪ್ರತಿ ವಾರ "ಪಾಪ" ಅನ್ನಿಸಿಕೊಂಡು ಯಾರೂ ಫ್ರೆಂಡ್ ಆಗಿ ಇರೋಕಾಗಲ್ಲ.

ನಮ್ಮ ಕನ್ನಡ ಸಂಘಕ್ಕೆ ಒಂದು ಸಲಹೆ. ಈ ಸಲ ಜೂನಿಯರ್ಸ್ ಬಂದಾಗ ಸ್ವಾಗತ ಭಾಷಣದ ಜೊತೆ ಒಂದು ಭಾನುವಾರ ಅವರನ್ನ ಊರು ಸುತ್ತಿಸೋಣ. ನಿಯಮ ಎರಡೇ: ತಲೆಗೆ ನೂರು ರೂಪಾಯಿ ದಾಟಬಾರದು, ಬಸ್ಸಲ್ಲೇ ಹೋಗಬೇಕು. ಬೋರ್ಡ್ ಓದೋ ಜವಾಬ್ದಾರಿ ನನ್ನಂಥ ಇಂಗ್ಲಿಷ್ ಮೀಡಿಯಂನವರಿಗೆ ಕೊಡಿ. ಒಂದೆರಡು ಬಸ್ಸು ತಪ್ಪಬಹುದು, ತಪ್ಪಲಿ.

ಕಳೆದ ಭಾನುವಾರ ಗ್ರೂಪಲ್ಲಿ ಮತ್ತೆ ಒಂದು ರೀಲ್ ಬಂತು. ಅದರ ಕೆಳಗೆ ರೂಮ್‌ಮೇಟ್ ಟೈಪ್ ಮಾಡಿದಳು: "ಅಲ್ಲಿ ಬ್ಯಾಡ. ಗಾಂಧಿ ಬಜಾರಿಗೆ ಹೋಗೂಣು, ಎಂಟು ಗಂಟೆಗೆ ಗೇಟ್ ಹತ್ರ ಬರ್ರಿ." ಆರು ಜನ ಬಂದ್ವಿ. ಅವಳ ಹೊಟ್ಟೆ ಈಗ ಸರಿಯಾಗೇ ಇದೆ.