ಅಕ್ಕಿಯನ್ನೂ ಪರೀಕ್ಷಿಸೋಣ



ಬೆಂಗಳೂರಿನ ಕೊಳಚೆ ಹೊತ್ತು ಬರುವ ದಕ್ಷಿಣ ಪಿನಾಕಿನಿಯ ನೀರು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆಗಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಆ ನೀರಿನಲ್ಲೇ ಭತ್ತ ಬೆಳೆದು ಉಣ್ಣುತ್ತೇವೆ, ಮಾರುತ್ತೇವೆ. ನೊರೆ ಕಣ್ಣಿಗೆ ಕಾಣುತ್ತದೆ. ಕ್ಯಾಡ್ಮಿಯಂ, ಸೀಸದಂಥ ವಿಷಲೋಹಗಳು ಕಾಣುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ.

ಜಪಾನಿನ ಜಿನ್‌ಜು ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿ ಉಂಡವರ ಮೂಳೆ, ಮೂತ್ರಪಿಂಡಗಳು ಕೆಟ್ಟವು. 1968ರಲ್ಲಿ ಸರ್ಕಾರವೇ ಇದನ್ನು ಒಪ್ಪಿತು. ನಮ್ಮ ಅಕ್ಕಿಯೂ ಹಾಗಿದೆ ಎಂದು ನಾವು ಹೇಳುತ್ತಿಲ್ಲ. ಪ್ರಯೋಗಾಲಯ ಮಾತ್ರ ಹೇಳಬಲ್ಲದು. ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಪಾಲಿಶ್ ಅಕ್ಕಿಗೆ ಕಿಲೋಗೆ 0.4 ಮಿಲಿಗ್ರಾಂ ಕ್ಯಾಡ್ಮಿಯಂ.

ಬೆಲೆ ಬಿದ್ದೀತೆಂದು ಅಂಜದೆ, ಕೆಲವು ಗದ್ದೆಗಳ ಅಕ್ಕಿ, ಮಣ್ಣು, ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಟ್ಟಾಗಿ ಕಳುಹಿಸೋಣ, ಖರ್ಚು ಹಂಚಿಕೊಳ್ಳೋಣ. ಕೊಂಡು ಉಣ್ಣುವವರೂ ನಮ್ಮ ನೆರೆಯವರೇ. ಅರಿಯಲು ಒಪ್ಪದೆ ಮಾರುವುದು ನಮಗೆ ತರವಲ್ಲ.