ಕೆಟ್ಟದ್ದನ್ನೂ ಹೇಳಿಕೊಳ್ಳೋಣ

ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ನಮ್ಮ ಹಿರಿಯರು ಕಂಡುಹಿಡಿದದ್ದಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ಮೈಸೂರು ಸಂಸ್ಥಾನದ ವಿಜ್ಞಾನಿ ಕೋಲ್ಮನ್ ಅವರ ಪ್ರಯೋಗಗಳಿಂದ ನಮ್ಮ ಅಡಿಕೆಗೆ ಬಂತು. ಆದರೆ ತೋಟದಿಂದ ತೋಟಕ್ಕೆ ಹಬ್ಬಿದ್ದು ಪಕ್ಕದವರ ಗೊನೆ ಉಳಿದದ್ದನ್ನು ಕಂಡೇ ಎಂದು ನಮ್ಮ ಎಣಿಕೆ.

1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಸುಣ್ಣ ಹಳತಾಗಿದ್ದರೆ ಲೆಕ್ಕ ಕೆಡುತ್ತದೆ. ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಒಂದು ಮಳೆಗಾಲ ನಾವು ಇದನ್ನು ಉದಾಸೀನ ಮಾಡಿ ಎಳೆಕಾಯಿ ಸುಟ್ಟುಕೊಂಡೆವು. ಕಾರ್ಯದರ್ಶಿಯಾದವರು ಹೇಳಿಕೊಳ್ಳುವುದೆಂತು ಎಂದು ನಾಚಿ ಸುಮ್ಮನಿದ್ದೆವು. ನಮ್ಮಿಂದಲೇ ಸುಣ್ಣ ಒಯ್ದ ಪಕ್ಕದ ತೋಟದವರಿಗೂ ಅದೇ ಗತಿಯಾಯಿತು.

ಅಡಿಕೆಗೆ ವಿಟ್ಲ, ಕಾಫಿಗೆ ಬಾಳೆಹೊನ್ನೂರು ಎಂದು ಸಂಶೋಧನಾ ಕೇಂದ್ರಗಳಿಗೆ ಅಲೆಯಲು 2 ಎಕರೆಯವರಿಗೆ ಪುರುಸೊತ್ತೆಲ್ಲಿ? ಸಂಘದ ಖರ್ಚಿನಲ್ಲಿ ಇಬ್ಬರು ಹೋಗಿ ಕೇಳಿಬರಲಿ, ತಮ್ಮ ತೋಟದಲ್ಲಿ ಮಾಡಿ ನೋಡಲಿ, ಕೆಟ್ಟರೆ ಅದನ್ನೂ ಸಭೆಗೆ ತಿಳಿಸಲಿ. ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿರುವಾಗ ಮುಚ್ಚಿಟ್ಟುಕೊಂಡು ಕೂರುವ ಕಾಲ ಇದಲ್ಲ.

ಮುಂದಿನ ಸಭೆಯಲ್ಲಿ ಮೊದಲು ನಮ್ಮ ಸುಣ್ಣದ ಕಥೆಯನ್ನೇ ಹೇಳುತ್ತೇವೆ.